ಐದರಲ್ಲೊಂದು ಪಾಲು

ಬೆಳಗಿನ ಐದಕ್ಕೆ ಎಮಿಲ್ ಅಬೆಗ್ಲೆನ್ ದೋಣಿ ದಡಕ್ಕೆ ತಾಗಿಸಿ
ಮೂರು ಪೆಟ್ಟಿಗೆ ಇಳಿಸುತ್ತಾನೆ. ನವೆಂಬರ್. ಆಲ್ಪ್ಸ್ ಇನ್ನೂ ಕಪ್ಪು.
ಸರೋವರದ ಮೇಲೆ ಹಬೆ, ಅವನ ಬಾಯಲ್ಲೂ ಹಬೆ.
ದೀಪ ಬೇಡ ಅವನಿಗೆ. ಕೈ ಹಾಕುತ್ತಾನೆ, ಹಿಡಿಯುತ್ತಾನೆ:
ಇದು ಮೇಲಿನದು. ಇದು ನಡುವಿನದು.
ಇದು, ಒಂದು ಗಳಿಗೆ ತಡೆದು,
ಇದು ಆಳದ್ದಿರಬೇಕು, ಬೆನ್ನು ಮುಟ್ಟಿ ನೋಡು.

ಮುಟ್ಟಿದೆ. ತಣ್ಣಗಿತ್ತು.
ನನಗೆ ಎಲ್ಲವೂ ಒಂದೇ ಬೆಳ್ಳಿ.

ನಾನು ಕತ್ತರಿಯವಳು.
ರೆಕ್ಕೆಯ ತುದಿಯಿಂದ ಉಗುರಿನಷ್ಟು ಕತ್ತರಿಸಿ
ಸ್ಪಿರಿಟ್ಟಿನ ಕೊಳವೆಗೆ ಹಾಕಿ ನಂಬರು ಬರೆಯುತ್ತೇನೆ.
ನದಿಯ ಮೂಲ, ಋಷಿಯ ಮೂಲ ಕೇಳಬಾರದಂತೆ;
ಮೀನಿನ ಮೂಲ ಕೇಳಿದ್ದಕ್ಕೇ ನನಗೆ ಸಂಬಳ.

ನನಗಿಂತ ಮೊದಲಿನವರು ಕಿವಿರಿನ ಹಲ್ಲು ಎಣಿಸಿದರು.
ಒಬ್ಬ ಪಂಡಿತ ಏಳು ಜಾತಿ ಎಂದ, ಇನ್ನೊಬ್ಬ ಎರಡು,
ಮೂರನೆಯವ ರಗಳೆ ಬೇಡವೆಂದು ಒಂದೇ ಎಂದುಬಿಟ್ಟ.
ಮೀನುಗಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ
ತಂತಮ್ಮ ಆಳದಲ್ಲಿ, ತಂತಮ್ಮ ತಿಂಗಳಲ್ಲಿ
ಮೊಟ್ಟೆಯಿಟ್ಟವು.

ಎಮಿಲನ ಅಜ್ಜ ಮಾತ್ರ ಪಂಡಿತನಲ್ಲ.
ಅವನ ಲೆಕ್ಕದ ಪುಸ್ತಕದ ನಡುವೆ ಒಂದು ಪೊಟ್ಟಣ ಸಿಕ್ಕಿತು,
ಒಳಗೆ ಒಣಗಿದ ಹುರುಪೆ, ಮೇಲೆ ಪೆನ್ಸಿಲ್ಲಿನ ಅಕ್ಷರ:
ಆಳದ್ದು. ೧೯೩೧. ತೊಂಬತ್ತು ಮಾರು.
ಯಾಕೆ ಎತ್ತಿಟ್ಟನೋ. ಚೆಂದ ಕಂಡಿರಬೇಕು, ಅಷ್ಟೆ.
ಆ ಹುರುಪೆಗಂಟಿದ ಚೂರು ಚರ್ಮದಲ್ಲಿ
ಓದುವಷ್ಟು ಬರಹ ಉಳಿದಿತ್ತು.

ಯಂತ್ರ ಹನ್ನೊಂದು ದಿನ ತೆಗೆದುಕೊಂಡಿತು.
ಪರದೆಯ ಮೇಲೆ ಬಣ್ಣದ ಪಟ್ಟಿಗಳು:
ಮೇಲಿನದು ಮೇಲಿನದೇ. ನಡುವಿನದು ನಡುವಿನದೇ.
ಅಜ್ಜನ ಪೊಟ್ಟಣದ್ದು ಇವೆರಡೂ ಅಲ್ಲದ ಮೂರನೆಯದು,
ಅಂಥದ್ದು ಇಡಿಯಾಗಿ ಈಗ ಈ ನೀರಿನಲ್ಲಿ ಒಂದೂ ಇಲ್ಲ.
ಮೂರನೆಯ ಪೆಟ್ಟಿಗೆಯ ಮೀನುಗಳು ಬೆರಕೆ,
ಐದರಲ್ಲೊಂದು ಪಾಲು ಮಾತ್ರ ಆಳದ್ದು.
ಅವನ ಕೈ ತಡೆದದ್ದು ಸರಿಯಾಗಿ ಅಷ್ಟೇ ಹೊತ್ತು.

ಹೇಳಿದೆ. ಬಲೆಯ ಗಂಟು ಬಿಡಿಸುತ್ತಲೇ ಕೇಳಿದ.
ಆಮೇಲೆ ಅವನು ಹೇಳಿದ್ದು ಮೀನಿನ ಕತೆಯಲ್ಲ.

ಅವ್ವ ಹೋಟೆಲಿನ ಹಾಸುಬಟ್ಟೆ ಒಗೆಯುತ್ತಿದ್ದಳು.
ಆಗ ಹೊಸ ಪುಡಿ ಬಂತು, ನೀಲಿ ಡಬ್ಬಿಯದು.
ಸಾಲಾಗಿ ಒಣಹಾಕಿದರೆ ಎದುರಿನ ಹಿಮವೇ ಕೊಳಕು ಕಾಣಬೇಕು,
ಅಷ್ಟು ಬಿಳಿ. ಅಕ್ಕಪಕ್ಕದವರು ನೋಡಲು ಬರುತ್ತಿದ್ದರು.
ನೊರೆ ಹಳ್ಳಕ್ಕೆ ಹೋಯಿತು, ನಾವು ಮಕ್ಕಳು
ಅದರ ಹಿಂದೆ ಸರೋವರದ ತನಕ ಓಡಿದೆವು.

ಉಳಿದದ್ದು ನನಗೆ ಗೊತ್ತು. ನೀರು ಕೊಬ್ಬಿ ಹಸಿರಾಯಿತು.
ಪಾಚಿ ಸತ್ತು ತಳಕ್ಕಿಳಿದು ತಳದ ಉಸಿರು ತಿಂದಿತು.
ತವರು ಕಟ್ಟಿಹೋದ ಆಳದವು
ಮೊಟ್ಟೆ ಹೊತ್ತು ಮೇಲೆ ಬಂದವು;
ಮೇಲಿನವು ಬಾಗಿಲು ಹಾಕಲಿಲ್ಲ.
ಬಲೆ ಎಂದಿನಂತೆ ತುಂಬಿ ಬಂತು.
ಒಂದು ಹೆಣ ಬೀಳದೆ ಒಂದು ಕುಲ ಹೋಯಿತು,
ಸೂತಕ ಹಿಡಿಯುವುದಕ್ಕೆ ಯಾರ ಹೆಸರೂ ಇರಲಿಲ್ಲ.

ಈಗ ನೀರು ತಿಳಿ. ತಳಕ್ಕೆ ಉಸಿರು ಮರಳಿದೆ.
ತೊಂಬತ್ತು ಮಾರು ಕೆಳಗೆ ಮನೆ ಖಾಲಿ ಬಿದ್ದಿದೆ.

ಎಮಿಲ್ ಒಂದು ಮೀನೆತ್ತಿ ತಿರುಗಿಸಿದ.
ಆ ಪಾಲು ಎಲ್ಲಿದೆ? ತಲೆಯಲ್ಲೋ, ಬಾಲದಲ್ಲೋ?
ಎಲ್ಲ ಕಡೆ, ಎಂದೆ. ಹಿಟ್ಟಿನಲ್ಲಿ ಉಪ್ಪಿನ ಹಾಗೆ.
ಹಾಗಾದರೆ ಶನಿವಾರದ ಸಂತೆಗೆ
ಪೆಟ್ಟಿಗೆ ಮೇಲೆ ಏನಂತ ಬರೆಯಲಿ?

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಅವನು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು
ಆ ಮೀನನ್ನೇ ಸೀಳಿ ಬೆಣ್ಣೆಯಲ್ಲಿ ಹುರಿದ.
ದೋಣಿಮನೆಯ ಮೆಟ್ಟಿಲ ಮೇಲೆ ಕೂತು ತಿಂದೆವು,
ಮುಳ್ಳು ಬಿಡಿಸುತ್ತ, ಮಾತಿಲ್ಲದೆ.
ನಾನು ನಿಧಾನ ಅಗಿದೆ,
ಐದು ತುತ್ತಿನಲ್ಲಿ ಒಂದಾದರೂ
ಬೇರೆ ರುಚಿಸೀತೇ ಎಂದು.